ಹಿಡಿಯುವ ಹಗ್ಗ: ರೊಮಾನ್ಸ್ ಭಾಷೆಗಳ ‘ಕಾಬ್ಲ್’ ಪದದ ವ್ಯುತ್ಪತ್ತಿಯನ್ನು ಕುರಿತು

ಕನ್ನಡದಲ್ಲಿ ಇಂದು ‘ಕೇಬಲ್’ ಎಂದರೆ ತಂತಿ. ಪದ ನಮಗೆ ಬಂದದ್ದು ಇಂಗ್ಲಿಷಿನಿಂದ; ಇಂಗ್ಲಿಷಿಗೆ 13ನೆಯ ಶತಮಾನದ ಆದಿಭಾಗದ ಹೊತ್ತಿಗೆ ನಾರ್ಮನ್ ಫ್ರೆಂಚಿನಿಂದ. ಆಗ ಅದರ ಅರ್ಥ ಹಡಗಿನ ದಪ್ಪ ಹಗ್ಗ. ಇಲ್ಲಿಯವರೆಗೆ ವಿವಾದವಿಲ್ಲ. ಫ್ರೆಂಚಿನಿಂದ ಹಿಂದಕ್ಕೆ ಸರಿದಾಗ ದಾರಿ ಕವಲೊಡೆಯುತ್ತದೆ. ಒಂದು ಪಕ್ಷವು ಇದನ್ನು ಉತ್ತರಕಾಲೀನ ಲ್ಯಾಟಿನ್ನಿನ ‘ಕಪುಲುಮ್’ ಎಂಬ ರೂಪಕ್ಕೆ ಒಯ್ಯುತ್ತದೆ. ಇನ್ನೊಂದು ಪಕ್ಷವು ಅರಬ್ಬಿಯಲ್ಲಿ ಹಗ್ಗವೆಂಬ ಅರ್ಥವೇ ಇರುವ ‘ಹಬ್ಲ್’ ಪದವನ್ನು ಮುಂದಿಡುತ್ತದೆ. ಎರಡನೆಯದು ಮೇಲುನೋಟಕ್ಕೆ ಆಕರ್ಷಕವಾದುದು: ಅರ್ಥದಲ್ಲಿ ಅಂತರವಿಲ್ಲ, ಧ್ವನಿಯಲ್ಲಿ ಒಂದೇ ವ್ಯಂಜನದ ವ್ಯತ್ಯಾಸ, ಮೆಡಿಟರೇನಿಯನ್ ನೌಕಾಯಾನದಲ್ಲಿ ಅರಬರ ಪಾತ್ರವಂತೂ ಸರ್ವವಿದಿತ. ಮೊದಲನೆಯದರಲ್ಲಿ ಅರ್ಥದ ಹಾದಿಯೇ ಡೊಂಕು. ಆದರೂ ಮೊದಲನೆಯದೇ ಸರಿಯೆಂಬುದು ಈ ಲೇಖನದ ನಿಲುವು. ಆ ಡೊಂಕು ನಂಬಲರ್ಹವೇ ಎಂಬ ಪ್ರಶ್ನೆಗೆ ನಮ್ಮ ‘ಹಗ್ಗ’ ಪದದ ಚರಿತ್ರೆಯಿಂದ ಒಂದು ಉತ್ತರ ದೊರೆಯುತ್ತದೆಂಬುದೂ ಇಲ್ಲಿನ ವಾದದ ಭಾಗ. ಪರಭಾಷೆಯ ರೂಪಗಳನ್ನೆಲ್ಲ ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇನೆ. ಲಿಪ್ಯಂತರದಲ್ಲಿ ಕಾಣದ ಧ್ವನಿಭೇದಗಳು ವಾದಕ್ಕೆ ಮುಖ್ಯವಾದಲ್ಲಿ ಅವನ್ನು ವಿವರಿಸಿದ್ದೇನೆ.

‘ಕಪುಲುಮ್’ ರೂಪಕ್ಕೆ ಇರುವ ಪ್ರಧಾನ ಸಾಕ್ಷಿ ಸೆವಿಲ್ಲೆಯ ಬಿಷಪ್ ಇಸಿಡೋರ್. ಅವನ ‘ಎಟಿಮಾಲಜಿಯೆ’ 20 ಸಂಪುಟಗಳ ವಿಶ್ವಕೋಶ. ಅದರ ಕೊನೆಯ ಸಂಪುಟದಲ್ಲಿ, ಕುದುರೆಯ ಸಾಮಗ್ರಿಗಳನ್ನು ಹೇಳುವಲ್ಲಿ, ಪಳಗದ ಪ್ರಾಣಿಗಳನ್ನು ಹಿಡಿಯಲು ಬಳಸುವ ಹಗ್ಗಕ್ಕೆ ಈ ಹೆಸರೆಂದೂ, ‘ಹಿಡಿ’ ಎಂಬರ್ಥದ ‘ಕಪೆರೆ’ ಧಾತುವಿನಿಂದ ಅದು ಬಂದಿತೆಂದೂ ಅವನು ಬರೆಯುತ್ತಾನೆ. ವ್ಯುತ್ಪತ್ತಿಕಾರನಾಗಿ ಇಸಿಡೋರನಿಗೆ ಒಳ್ಳೆಯ ಹೆಸರಿಲ್ಲ. ಪದಗಳ ಹೊರ ಹೋಲಿಕೆಯಿಂದ ಕತೆ ಕಟ್ಟುವುದು ಅವನ ಅಭ್ಯಾಸ, ಅವನ ಕಾಲದ ಅಭ್ಯಾಸವೂ ಹೌದು. ಆದಕಾರಣ ಅವನು ಹೇಳುವ ಕಾರಣವನ್ನೂ ಅವನು ದಾಖಲಿಸುವ ಸಂಗತಿಯನ್ನೂ ಬೇರ್ಪಡಿಸಿ ನೋಡಬೇಕು. ಪದದ ಮೂಲದ ಬಗ್ಗೆ ಅವನ ಅಭಿಪ್ರಾಯ ತಪ್ಪಾಗಿರಬಹುದು. ಆದರೆ ಇಂಥ ಅರ್ಥದಲ್ಲಿ ಇಂಥದೊಂದು ಪದ ತನ್ನ ಕಾಲದಲ್ಲಿ ಇದೆಯೆಂಬ ಅವನ ಹೇಳಿಕೆಯನ್ನು ಸುಮ್ಮನೆ ತಳ್ಳಿಹಾಕಲಾಗದು.

ಆ ಕಾಲವೇ ಇಲ್ಲಿ ನಿರ್ಣಾಯಕ. ಇಸಿಡೋರ್ ತೀರಿಕೊಂಡದ್ದು 636ರಲ್ಲಿ. ಅರಬ್-ಬರ್ಬರ್ ಸೇನೆ ಐಬೀರಿಯಾಕ್ಕೆ ಕಾಲಿಟ್ಟದ್ದು 711ರಲ್ಲಿ. ಸಿಸಿಲಿಯ ಮೇಲಿನ ದಂಡಯಾತ್ರೆ ಆರಂಭವಾದದ್ದು 827ರಲ್ಲಿ. ಸೆವಿಲ್ಲೆಯಲ್ಲಿ ಅರಬ್ಬಿ ಕೇಳಿಬರುವುದಕ್ಕೆ ಮುಕ್ಕಾಲು ಶತಮಾನ ಮುಂಚೆಯೇ, ಅದೇ ಊರಿನಲ್ಲಿ, ಒಬ್ಬ ಲ್ಯಾಟಿನ್ ಬರಹಗಾರ ಹಗ್ಗಕ್ಕೆ ‘ಕಪುಲುಮ್’ ಎಂದು ಬರೆದಿಟ್ಟಿದ್ದಾನೆ. ಹೀಗಿರುವಾಗ ‘ಹಬ್ಲ್’ ಈ ಪದದ ಮೂಲವಾಗಲಾರದು. ನಂತರದ ಕಾಲದಲ್ಲಿ, ಬಂದರುಗಳ ಬೆರಕೆ ಮಾತಿನಲ್ಲಿ, ಅದು ಇದರ ಅರ್ಥದ ಮೇಲೆ ಪ್ರಭಾವ ಬೀರಿತೆನ್ನುವುದು ಬೇರೆ ವಾದ; ಅದಕ್ಕೆ ಬೇರೆಯೇ ಸಾಕ್ಷ್ಯ ಬೇಕು.

ಧ್ವನಿಯ ಕಡೆಯಿಂದಲೂ ತೊಡಕಿದೆ. ‘ಹಬ್ಲ್’ ಪದದ ಆದಿವ್ಯಂಜನ ನಮ್ಮ ಹಕಾರವಲ್ಲ, ಗಂಟಲ ಆಳದಲ್ಲಿ ಘರ್ಷಣೆಯಿಂದ ಹುಟ್ಟುವ ಅಘೋಷ ಧ್ವನಿ. ಸ್ಪ್ಯಾನಿಷ್ ಇದನ್ನು ಎರವಲು ಪಡೆದಾಗ ಸಾಮಾನ್ಯವಾಗಿ ಹ ಅಥವಾ ಫ ಆಗಿಸಿಕೊಂಡಿದೆ. ‘ಹತ್ತಾ’ ಎಂಬುದು ಹಳೆಯ ಸ್ಪ್ಯಾನಿಷಿನಲ್ಲಿ ‘ಫಾತ’ ಎಂದಾಗಿ, ಇಂದು ಲಿಪಿಯಲ್ಲಿ ಮಾತ್ರ ಹಕಾರವನ್ನುಳಿಸಿಕೊಂಡ ‘ಆಸ್ತ’ ಆಗಿದೆ. ಮದರಂಗಿಯನ್ನು ಹೇಳುವ ‘ಅಲ್-ಹಿನ್ನಾ’ದಿಂದ ಬಂದ ‘ಅಲೆಞ’ ಪದವೂ ಬರಹದಲ್ಲಿ ಹಕಾರವನ್ನೇ ಇಟ್ಟುಕೊಂಡಿದೆ. ಕಕಾರದ ಕಡೆಗೆ ಈ ಧ್ವನಿ ವಾಲುವುದೇ ಇಲ್ಲವೆಂದಲ್ಲ. ಮುಹಮ್ಮದ್ ಎಂಬ ಹೆಸರನ್ನು ಮಧ್ಯಕಾಲೀನ ಲ್ಯಾಟಿನ್ ಲೇಖಕರು ‘ಮಕೊಮೆತುಸ್’ ಎಂದು ಬರೆದದ್ದುಂಟು. ಆದರೆ ಅದು ಗ್ರಂಥಸ್ಥ ಲಿಪ್ಯಂತರ, ನಾವಿಕರ ನಾಲಿಗೆಯಲ್ಲ. ಹಗ್ಗಕ್ಕೆ ಸಂಬಂಧಿಸಿದ ನಿಜವಾದ ಅರಬ್ಬಿ ಎರವಲು ಹೇಗಿರುತ್ತದೆಂದು ನೋಡಬೇಕಾದರೆ ಸ್ಪ್ಯಾನಿಷಿನ ‘ಮರೋಮ’ವನ್ನು ನೋಡಬಹುದು. ದಪ್ಪ ಹಗ್ಗವೆಂಬ ಅರ್ಥದ ಈ ಪದ ‘ಹೊಸೆದದ್ದು’ ಎಂಬರ್ಥದ ‘ಮಬ್ರೂಮ’ದಿಂದ ಬಂದಿದೆ, ವ್ಯಂಜನಗಳ ಲೆಕ್ಕ ಸರಿಹೋಗುತ್ತದೆ, ಧಾತು ಅರಬ್ಬಿಯಲ್ಲಿ ಜೀವಂತವಾಗಿದೆ, ಪದ ಐಬೀರಿಯಾದಲ್ಲಿಯೇ ಬೇರುಬಿಟ್ಟಿದೆ. ‘ಹಬ್ಲ್’ ಕೂಡ ಯುರೋಪಿನಲ್ಲಿ ಇಲ್ಲದಿಲ್ಲ. ಮಾಲ್ಟಾದ ಭಾಷೆಯಲ್ಲಿ ಹಗ್ಗಕ್ಕೆ ‘ಹಬೆಲ್’ ಎನ್ನುತ್ತಾರೆ. ಅದು ಎರವಲಲ್ಲ, ಆ ಭಾಷೆಯೇ ಅರಬ್ಬಿಯ ಸಂತಾನವಾದ್ದರಿಂದ ಉಳಿದುಬಂದ ಸ್ವಂತ ಪದ.

ಸೆಮೆಟಿಕ್ ಪಕ್ಷದವರು ಇನ್ನೂ ಬಲವಾದ ಒಂದು ವಾದ ಹೂಡಬಹುದಿತ್ತು. ಅವರು ಅದನ್ನು ಕಡೆಗಣಿಸುವುದು ನನಗೆ ಸೋಜಿಗವೆನಿಸುತ್ತದೆ. ಹೀಬ್ರೂವಿನಲ್ಲಿ ‘ಕೆಬೆಲ್’ ಎಂದರೆ ಬೇಡಿ. ಕೀರ್ತನೆಗಳ ಗ್ರಂಥದ 105 ಮತ್ತು 149ನೆಯ ಕೀರ್ತನೆಗಳಲ್ಲಿ ಆ ಪದ ಬರುತ್ತದೆ. ಅರಬ್ಬಿಯಲ್ಲಿಯೂ ಅದೇ ಅರ್ಥದ ‘ಕಬ್ಲ್’ ಇದೆ. ಇಲ್ಲಿ ಆದಿವ್ಯಂಜನದ ತೊಡಕು ತಾನಾಗಿ ಮಾಯವಾಗುತ್ತದೆ. ಕಾಲದ ಆಕ್ಷೇಪವೂ ಮಸುಕಾಗುತ್ತದೆ, ಏಕೆಂದರೆ ಹೀಬ್ರೂವಿಗೆ ಸಮೀಪದ ಪ್ಯೂನಿಕ್ ಭಾಷೆ ಇಸಿಡೋರನಿಗಿಂತ ಎಷ್ಟೋ ಮುಂಚೆ ಉತ್ತರ ಆಫ್ರಿಕದಲ್ಲಿಯೂ ದಕ್ಷಿಣ ಸ್ಪೇನಿನಲ್ಲಿಯೂ ಲ್ಯಾಟಿನ್ನಿನ ನೆರೆಯಲ್ಲಿ ಬದುಕಿತ್ತು. ಇಂದಿನ ಹೀಬ್ರೂವಿನಲ್ಲಿ ಈ ಪ್ರಾಚೀನ ಪದವೇ ‘ಕೆವೆಲ್’ ಎಂಬ ಉಚ್ಚಾರದಲ್ಲಿ ವಿದ್ಯುತ್ ಕೇಬಲನ್ನು ಹೇಳುತ್ತದೆ. ಯುರೋಪಿನ ಪದವನ್ನು ಕಿವಿಯಲ್ಲಿಟ್ಟುಕೊಂಡೇ ಬೈಬಲಿನ ಪದಕ್ಕೆ ಹೊಸ ಅರ್ಥವನ್ನು ತೊಡಿಸಿದ್ದಾರೆ. ಸಾವಿರ ವರ್ಷ ಕಳೆದು, ದಾಖಲೆಗಳೆಲ್ಲ ನಾಶವಾಗಿ, ಈ ಎರಡು ಪದಗಳಷ್ಟೇ ಒಬ್ಬ ಭಾಷಾವಿಜ್ಞಾನಿಯ ಕೈಗೆ ಸಿಕ್ಕರೆ ಅವನು ಅವನ್ನು ಜ್ಞಾತಿಪದಗಳೆಂದು ಧೈರ್ಯವಾಗಿ ಘೋಷಿಸಿಯಾನು. ಹಗ್ಗದ ಪದಗಳಿಗೆ ಈ ಬಗೆಯ ಗೊಂದಲ ಹೊಸದಲ್ಲ. ಸೂಜಿಯ ಕಣ್ಣಿನಲ್ಲಿ ನುಗ್ಗುವ ಒಂಟೆಯ ಮಾತಿನಲ್ಲಿ ಗ್ರೀಕಿನ ‘ಕಮೇಲೊಸ್’ ಪದವನ್ನು ಹಡಗಿನ ಹಗ್ಗವೆಂಬ ‘ಕಮಿಲೊಸ್’ ಆಗಿ ಓದಿದವರು ಪ್ರಾಚೀನ ಕಾಲದಲ್ಲಿಯೇ ಇದ್ದರು. ಆ ಹೊತ್ತಿಗೆ ಎರಡರ ಉಚ್ಚಾರ ಒಂದೇ ಆಗಿಬಿಟ್ಟಿತ್ತು.

ಹಾಗಾದರೆ ‘ಕೆಬೆಲ್’ ವಾದವನ್ನು ತಡೆಯುವುದು ಯಾವುದು? ಇಟಲಿಯ ಒಂದು ಚಿಕ್ಕ ಪದ. ಇಟಾಲಿಯನ್ನಿನಲ್ಲಿ ಉರುಳು, ಜಾರುಗಂಟು ಎಂಬರ್ಥದಲ್ಲಿ ‘ಕಪ್ಪಿಯೊ’ ಬಳಕೆಯಲ್ಲಿದೆ. 1853ರ ತನ್ನ ರೊಮಾನ್ಸ್ ವ್ಯುತ್ಪತ್ತಿ ಕೋಶದಲ್ಲಿ ಫ್ರೀಡ್ರಿಕ್ ಡೀಟ್ಸ್ ಹಗ್ಗದ ಪದವನ್ನು ಈ ಇಟಾಲಿಯನ್ ರೂಪದ ಜೊತೆಗೇ ನಿಲ್ಲಿಸಿದ. ಲ್ಯಾಟಿನ್ನಿನಲ್ಲಿ ನಡುವಣ ಹ್ರಸ್ವ ಉಕಾರ ಲೋಪವಾದಾಗ ಉಂಟಾಗುವ ಪ್ಲ ಸಂಯುಕ್ತವು ಇಟಾಲಿಯನ್ನಿನಲ್ಲಿ ಪ್ಪಿಯ ಆಗುತ್ತದೆ: ‘ಕೋಪುಲ’ದಿಂದ ‘ಕೊಪ್ಪಿಯ’, ‘ದುಪ್ಲುಮ್’ನಿಂದ ‘ದೊಪ್ಪಿಯೊ’. ಮೂಲದಲ್ಲಿ ಬಕಾರವಿದ್ದರೆ ಫಲವೂ ಬಕಾರವೇ: ‘ನೆಬುಲ’ದಿಂದ ‘ನೆಬ್ಬಿಯ’, ‘ಫೀಬುಲ’ದಿಂದ ‘ಫಿಬ್ಬಿಯ’. ಸೆಮೆಟಿಕ್ ಪದ ಲ್ಯಾಟಿನ್ನನ್ನು ಹೊಕ್ಕಿದ್ದರೆ ಅದು ‘ಕಬುಲುಮ್’ ಆಗಬೇಕಿತ್ತು, ಇಟಲಿಯಲ್ಲಿ ನಮಗೆ ‘ಕಬ್ಬಿಯೊ’ ಸಿಗಬೇಕಿತ್ತು. ಸಿಗುವುದು ‘ಕಪ್ಪಿಯೊ’. ಫ್ರೆಂಚ್ ಈ ಪ್ರಶ್ನೆಯಲ್ಲಿ ಮೂಗಸಾಕ್ಷಿ. ಅಲ್ಲಿ ‘ತಬುಲ’ವೂ ‘ದುಪ್ಲುಮ್’ ಕೂಡ ಬ್ಲ ಸಂಯುಕ್ತದಲ್ಲಿಯೇ ಕೊನೆಗೊಂಡು ‘ತಾಬ್ಲ್’, ‘ದೂಬ್ಲ್’ ಆಗಿವೆ. ಫ್ರೆಂಚ್ ರೂಪವೊಂದನ್ನೇ ನೋಡಿ ಮೂಲದ ಬಕಾರ ಪಕಾರಗಳನ್ನು ನಿರ್ಣಯಿಸಲಾಗದು. ಸೆಮೆಟಿಕ್ ವಾದಗಳಿಗೆಲ್ಲ ಆಸರೆಯಾಗಿರುವುದು ಫ್ರೆಂಚಿನ ಈ ಅಸ್ಪಷ್ಟತೆಯೇ ಎಂದು ನನ್ನ ಅನಿಸಿಕೆ. ಇಟಾಲಿಯನ್ ಪದವೂ ಫ್ರೆಂಚ್ ಪದವೂ ಬೇರೆಬೇರೆ ಮೂಲದವು ಎಂದು ಹೇಳಿ ತಪ್ಪಿಸಿಕೊಳ್ಳಲು ತರ್ಕದಲ್ಲಿ ಅವಕಾಶವಿದೆ. ಆದರೆ ಆಗ ಎರಡು ಮೂಲಗಳನ್ನು ಕಲ್ಪಿಸಿಕೊಳ್ಳಬೇಕು, ಎರಡನೆಯದಕ್ಕೆ ಯಾವ ದಾಖಲೆಯೂ ಇರದು.

ಐಬೀರಿಯದ ರೂಪಗಳು ಸ್ಪ್ಯಾನಿಷಿನ ‘ಕಾಬ್ಲೆ’, ಪೋರ್ಚುಗೀಸಿನ ‘ಕಾಬ್ರೆ’. ಇವನ್ನು ಇಸಿಡೋರನ ಪದದ ನೇರ ವಾರಸುದಾರರೆಂದು ಭಾವಿಸುವುದು ಸುಲಭ. ಅದೇ ನೆಲದ ಭಾಷೆಗಳಲ್ಲವೆ? ಆದರೆ ಪದಾಂತ್ಯ ಒಪ್ಪುವುದಿಲ್ಲ. ‘ಪೊಪುಲುಮ್’ ಸ್ಪ್ಯಾನಿಷಿನಲ್ಲಿ ಒಕಾರಾಂತವಾದ ‘ಪುಯೆಬ್ಲೊ’ ಆಗಿದೆ. ಅದೇ ನಿಯಮದಂತೆ ‘ಕಪುಲುಮ್’ ‘ಕಾಬ್ಲೊ’ ಆಗಬೇಕಿತ್ತು. ಅಂತ್ಯದ ಎಕಾರ ಹೊರಗಿನಿಂದ ಬಂದ ಗುರುತು. ಪದಾಂತ್ಯದ ವ್ಯಂಜನಗುಚ್ಛದ ನಂತರ ಆಸರೆಯಾಗಿ ಎಕಾರವನ್ನು ನಿಲ್ಲಿಸುವ ಫ್ರೆಂಚ್ ಅಥವಾ ಆಕ್ಸಿಟನ್ ಮಾತಿನಿಂದ ಪದ ದಕ್ಷಿಣಕ್ಕೆ ಇಳಿದಿದೆ. ‘ಹಬ್ಲ್’ ಪದವನ್ನು ಎರವಲು ಪಡೆದಿದ್ದರೂ ಇಂಥದೇ ಎಕಾರ ಬರುತ್ತಿತ್ತೆಂದು ಎದುರಾಳಿ ಹೇಳಿಯಾನು. ಬರುತ್ತಿತ್ತು, ನಿಜ, ಆದರೆ ಮೊದಲಿನ ಕಕಾರ ಬರುತ್ತಿರಲಿಲ್ಲ. ಹೀಗೆ, ಅರಬ್ಬಿ ಮೂಲಕ್ಕೆ ಅತ್ಯಂತ ಅನುಕೂಲವಾಗಬೇಕಾಗಿದ್ದ ಸ್ಪೇನಿನಲ್ಲಿಯೇ ಈ ಪದ ಉತ್ತರದಿಂದ ಬಂದ ಅತಿಥಿ.

ಉತ್ತರದಲ್ಲಾದರೂ ಅದು ಎಲ್ಲಿಯದು? ಪ್ಯಾರಿಸ್ ಸುತ್ತಣ ಫ್ರೆಂಚಿನಲ್ಲಿ ಅಕಾರದ ಹಿಂದಣ ಪದಾದಿ ಕಕಾರ ತಾಲವ್ಯವಾಗಿ ಚಕಾರವಾಯಿತು, ಮುಂದೆ ಶಕಾರವಾಯಿತು. ಅದರಂತೆ ‘ಕಪುಲುಮ್’ ಅಲ್ಲಿ ‘ಚಬ್ಲೆ’ ಆಗಬೇಕು. ಚಕಾರಾದಿಯ ರೂಪಗಳು ಹಳೆಯ ಫ್ರೆಂಚಿನಲ್ಲಿ ಇವೆ. ನಾರ್ಮಂಡಿ ಮತ್ತು ಪಿಕಾರ್ಡಿಯ ಉಪಭಾಷೆಗಳು ಈ ಬದಲಾವಣೆಗೆ ಒಳಗಾಗದೆ ಕಕಾರವನ್ನು ಉಳಿಸಿಕೊಂಡವು. ಇಂಗ್ಲಿಷಿನ ‘ಕ್ಯಾಸಲ್’, ‘ಕ್ಯಾಟಲ್’, ‘ಕ್ಯಾಚ್’ ಪದಗಳ ಕಕಾರ ನಾರ್ಮನ್ನರದು. ಪ್ಯಾರಿಸ್ಸಿನ ಕಡೆಯ ಜೋಡಿರೂಪಗಳಾದ ‘ಚ್ಯಾಟಲ್’, ‘ಚೇಸ್’ ಪದಗಳೂ ಇಂಗ್ಲಿಷಿಗೆ ಆಮೇಲೆ ಬಂದು ಸೇರಿವೆ. ಕನ್ನಡದ ಓದುಗರಿಗೆ ಇದು ಅಪರಿಚಿತ ಸನ್ನಿವೇಶವಲ್ಲ. ತಮಿಳು ತೆಲುಗುಗಳ ‘ಚೆವಿ’ಗೆ ನಮ್ಮಲ್ಲಿ ‘ಕಿವಿ’, ತೆಲುಗಿನ ‘ಚೆರುವು’ಗೆ ನಮ್ಮಲ್ಲಿ ‘ಕೆರೆ’. ದ್ರಾವಿಡದಲ್ಲಿ ತಾಲವ್ಯೀಕರಣವನ್ನು ಪ್ರೇರೇಪಿಸಿದ್ದು ಮುಂಸ್ವರಗಳು, ಫ್ರೆಂಚಿನಲ್ಲಿ ಅಕಾರ. ಸಾಮ್ಯವನ್ನು ಅದರಾಚೆಗೆ ಎಳೆಯಬಾರದು. ಫಲಿತಾಂಶ ಮಾತ್ರ ಸ್ಪಷ್ಟ: ಇಂದಿನ ಶಿಷ್ಟ ಫ್ರೆಂಚಿನ ‘ಕಾಬ್ಲ್’ ಕಕಾರಾದಿಯಾಗಿರುವುದರಿಂದ ಅದು ರಾಜಧಾನಿಯ ರೂಪವಲ್ಲ, ಕರಾವಳಿಯ ರೂಪ. ಹಡಗಿನ ಪದ ಬಂದರಿನ ಉಚ್ಚಾರವನ್ನು ಹೊತ್ತು ಒಳನಾಡಿಗೆ ಬಂದುದರಲ್ಲಿ ಅಚ್ಚರಿಯಿಲ್ಲ. ಇದೇ ನಾರ್ಮನ್ನರು ಪಟಸ್ತಂಭವನ್ನು ಬಿಗಿಯುವ ಹಗ್ಗಕ್ಕೆ ತಮ್ಮ ಪೂರ್ವಿಕರ ನಾರ್ಸ್ ಭಾಷೆಯಿಂದ ‘ಓಬಾಂ’ ಎಂಬ ಹೆಸರನ್ನು ಉಳಿಸಿಕೊಂಡರು, ದಪ್ಪ ಹಗ್ಗಕ್ಕೆ ಮಾತ್ರ ಲ್ಯಾಟಿನ್ ಪದವನ್ನು ಒಪ್ಪಿಕೊಂಡರು.

ಇಷ್ಟರಿಂದ ಎಲ್ಲವೂ ಸರಳವಾಯಿತೆಂದು ಭಾವಿಸುವಂತಿಲ್ಲ. ಫ್ರೆಂಚ್ ಬರಹದಲ್ಲಿ ಈ ಪದದ ಅಕಾರದ ಮೇಲೆ ಒಂದು ಟೋಪಿಚಿಹ್ನೆಯಿದೆ. ಹಿಂದೊಮ್ಮೆ ಇದ್ದು ಕರಗಿಹೋದ ಅಕ್ಷರದ ಸ್ಮಾರಕವಾಗಿ ಫ್ರೆಂಚಿನಲ್ಲಿ ಈ ಚಿಹ್ನೆ ನಿಲ್ಲುವುದುಂಟು. ಹಳೆಯ ಫ್ರೆಂಚಿನಲ್ಲಿ ನಿಜವಾಗಿಯೂ ‘ಚಅಬ್ಲೆ’ ಎಂದು ಎರಡು ಅಕಾರಗಳುಳ್ಳ ರೂಪ ದೊರೆಯುತ್ತದೆ. ‘ಕಪುಲುಮ್’ನಲ್ಲಿ ಇರುವುದು ಒಂದೇ ಅಕಾರ. ಎರಡನೆಯದು ಎಲ್ಲಿಂದ ಬಂತು? ಹಳೆಯ ಫ್ರೆಂಚಿನಲ್ಲಿ ಇದೇ ರೂಪದ ಇನ್ನೊಂದು ಪದವಿತ್ತು, ಕಲ್ಲೆಸೆಯುವ ಯುದ್ಧಯಂತ್ರವೆಂಬ ಅರ್ಥದಲ್ಲಿ. ‘ಕೆಳಗೆ ಕೆಡವುವುದು’ ಎಂಬರ್ಥದ ಗ್ರೀಕಿನ ‘ಕತಬೊಲೇ’ಯಿಂದ ಆಡುಲ್ಯಾಟಿನ್ನಿನ ‘ಕತಬೊಲ’, ಸ್ವರಗಳ ನಡುವಣ ತಕಾರ ಲೋಪವಾಗಿ ‘ಚಅಬ್ಲೆ’. ಈ ಸರಣಿಯಲ್ಲಿ ಎರಡು ಅಕಾರ ಸಹಜ. ಇದರ ನಾರ್ಮನ್ ರೂಪದಿಂದಲೇ ‘ಅಕಾಬ್ಲೆ’, ಅಂದರೆ ಭಾರದಿಂದ ಕುಸಿಯುವಂತೆ ಮಾಡು ಎಂಬ ಕ್ರಿಯಾಪದ; ಶಿಷ್ಟ ರೂಪದಿಂದ ಗಾಳಿಗೆ ಉರುಳಿದ ಮರಗಳನ್ನು ಹೇಳುವ ‘ಶಾಬ್ಲಿ’. (ಅದೇ ಹೆಸರಿನ ಊರಿಗೂ ಅಲ್ಲಿಯ ದ್ರಾಕ್ಷಾರಸಕ್ಕೂ ಇದನ್ನು ಗಂಟುಹಾಕುವ ಆಸೆಯನ್ನು ಹತ್ತಿಕ್ಕಬೇಕು.) ಹಗ್ಗದ ಪದ ಯಂತ್ರದ ಪದದೊಡನೆ ಬೆರೆತು ಅದರ ಸ್ವರವನ್ನು ಪಡೆದುಕೊಂಡಿತೆಂಬುದು ಫ್ರೆಂಚ್ ಕೋಶಕಾರರ ವಿವರಣೆ. ಬೆರಕೆಗೆ ಧ್ವನಿಸಾಮ್ಯವೊಂದೇ ಸಾಕಾಗಿತ್ತೇನೋ. ಆದರೆ ಆ ಕಾಲದ ಒಂದು ಬಗೆಯ ಕಲ್ಲೆಸೆಯುವ ಯಂತ್ರಗಳ ತೋಳನ್ನು ಆಳುಗಳು ಹಗ್ಗಗಳಿಂದ ಜಗ್ಗಿ ನಡೆಸುತ್ತಿದ್ದರೆಂಬುದನ್ನು ನೆನೆದರೆ, ವಸ್ತುಗಳ ಒಡನಾಟವೂ ಪದಗಳ ಒಡನಾಟಕ್ಕೆ ನೆರವಾಗಿರಬಹುದೆಂದು ನಾನು ಊಹಿಸುತ್ತೇನೆ. ಒಂದು ಪದಕ್ಕೆ ಒಂದೇ ಮೂಲವೆಂಬ ನಮ್ಮ ಅಭ್ಯಾಸದ ಎಣಿಕೆಗೆ ಈ ಅಕಾರ ಒಪ್ಪುವುದಿಲ್ಲ.

ಇನ್ನು ಅರ್ಥದ ಡೊಂಕು. ಹಿಡಿಯುವ ಕ್ರಿಯೆಯಿಂದ ಹಗ್ಗಕ್ಕೆ ಹೆಸರು ಬಂದೀತೇ? ಲ್ಯಾಟಿನ್ನಿನೊಳಗೇ ಪದರಚನೆಯ ಬೆಂಬಲವಿದೆ. ಧಾತುವಿಗೆ ‘ಉಲುಮ್’ ಸೇರಿಸಿ ಸಾಧನವನ್ನು ಹೇಳುವ ನಾಮಪದ ಮಾಡುವುದು ಅಲ್ಲಿ ರೂಢಿ: ‘ಕಿಂಗೆರೆ’ ಎಂದರೆ ಸುತ್ತು, ‘ಕಿಂಗುಲುಮ್’ ಎಂದರೆ ನಡುಪಟ್ಟಿ, ‘ಯಕೆರೆ’ ಎಂದರೆ ಎಸೆ, ‘ಯಕುಲುಮ್’ ಎಂದರೆ ಎಸೆಯುವ ಈಟಿ. ‘ಕಪೆರೆ’ಯಿಂದ ‘ಕಪುಲುಮ್’ ಈ ಸಾಲಿನಲ್ಲಿ ಸಲೀಸಾಗಿ ಕೂರುತ್ತದೆ. ಕತ್ತಿಯ ಹಿಡಿಯನ್ನು ಹೇಳುವ ‘ಕಪುಲುಸ್’ ಪದವೂ ಇದೇ ಧಾತುವಿನದೆನ್ನುತ್ತಾರೆ. ಹಿಡಿಯುವ ಕ್ರಿಯೆಗೂ ಕತ್ತಿಯ ಹಿಡಿಗೂ ಒಂದೇ ಪದವಿರುವ ಕನ್ನಡದವರಿಗೆ ಇದನ್ನು ಒಪ್ಪಿಸಲು ಹೆಚ್ಚು ಶ್ರಮ ಬೇಕಿಲ್ಲ.

ಆದರೂ ಸಂಶಯ ಉಳಿಯುತ್ತದೆ, ಏಕೆಂದರೆ ಯುರೋಪಿನಲ್ಲಿ ಹಗ್ಗದ ಹೆಸರುಗಳು ಹೆಚ್ಚಾಗಿ ಬೇರೆ ಕಡೆಯಿಂದ ಹುಟ್ಟಿವೆ. ರೊಮಾನ್ಸ್ ಭಾಷೆಗಳ ‘ಕೊರ್ದ’ ಗ್ರೀಕಿನಲ್ಲಿ ಕರುಳು, ಕರುಳಿನಿಂದ ಮಾಡಿದ ವಾದ್ಯದ ತಂತಿ: ಹೆಸರು ದ್ರವ್ಯದಿಂದ ಬಂದಿದೆ. ‘ಮರೋಮ’ದ ಹೆಸರು ತಯಾರಿಕೆಯಿಂದ ಬಂದಿದೆ, ನಮ್ಮ ‘ಹುರಿ’ಯಂತೆ. ಬಳಕೆಯಿಂದ ಹೆಸರು ಹುಟ್ಟಿ, ಆ ಹೆಸರು ವಿಶೇಷ ಬಳಕೆಯನ್ನು ಬಿಟ್ಟು ಸಾಮಾನ್ಯ ಹಗ್ಗಕ್ಕೆ ಹರಡಿದ ಸ್ವತಂತ್ರ ನಿದರ್ಶನವೊಂದು ಬೇಕು. ಅದು ನಮ್ಮ ಮನೆಯಲ್ಲಿಯೇ ಇದೆ. ಕನ್ನಡದ ‘ಹಗ್ಗ’ ಹಳಗನ್ನಡದ ‘ಪಗ್ಗ’. ಅದು ಪ್ರಾಕೃತದ ‘ಪಗ್ಗಹ’ದ ಮೂಲಕ ಸಂಸ್ಕೃತದ ‘ಪ್ರಗ್ರಹ’ದ ತದ್ಭವ. ತೆಲುಗಿನ ‘ಪಗ್ಗಮು’, ದನ ಕಟ್ಟುವ ಹಗ್ಗವೆಂಬ ಅರ್ಥದ ಹಿಂದಿಯ ‘ಪಗಹಾ’ ಅದರ ಒಡಹುಟ್ಟುಗಳು. ‘ಪ್ರಗ್ರಹ’ದಲ್ಲಿರುವುದು ‘ಗ್ರಹ್’ ಧಾತು, ಹಿಡಿ ಎಂಬುದೇ ಅದರ ಅರ್ಥ. ಇಲ್ಲಿ ನಾವು ಇಸಿಡೋರನಂಥ ಸಾಕ್ಷಿಯನ್ನು ನೆಚ್ಚಬೇಕಾಗಿಲ್ಲ. ಅಷ್ಟಾಧ್ಯಾಯಿಯ 3.3.52 ಮತ್ತು 3.3.53ನೆಯ ಸೂತ್ರಗಳಲ್ಲಿ ಪಾಣಿನಿ ‘ಪ್ರ’ ಉಪಸರ್ಗದೊಡನೆ ಈ ಧಾತುವಿನಿಂದ ವರ್ತಕರ ತಕ್ಕಡಿಯ ದಾರವನ್ನೂ ಕುದುರೆಯ ಲಗಾಮನ್ನೂ ಹೇಳುವ ರೂಪಗಳನ್ನು ಸಾಧಿಸುತ್ತಾನೆ. ಕಠೋಪನಿಷತ್ತಿನ ರಥದ ರೂಪಕದಲ್ಲಿ ಮನಸ್ಸನ್ನು ಹೋಲಿಸಿರುವುದು ಇದೇ ಪ್ರಗ್ರಹಕ್ಕೆ. ಪ್ರಾಣಿಯನ್ನು ಹಿಡಿದಿಡುವ ಸಾಧನವಾಗಿ ಆರಂಭವಾದ ಪದ ಕನ್ನಡದಲ್ಲಿ ಬಾವಿಯ ಹಗ್ಗ, ತೇರಿನ ಹಗ್ಗ, ಹಾಸಿಗೆ ಕಟ್ಟುವ ಹಗ್ಗಗಳನ್ನೆಲ್ಲ ಒಳಗೊಂಡಿತು. ಲಗಾಮಿನ ಅರ್ಥಕ್ಕೆ ಇಂದು ನಾವು ಆ ಪದವನ್ನು ಬಳಸುವುದೂ ಇಲ್ಲ.

ಈ ಸಾಮ್ಯದ ಬೆಲೆಯನ್ನು ಸರಿಯಾಗಿ ಕಟ್ಟಬೇಕು. ‘ಗ್ರಹ್’ ಮತ್ತು ‘ಕಪೆರೆ’ ಜ್ಞಾತಿಗಳಲ್ಲ. ಇಂಡೋ-ಯುರೋಪಿಯನ್ನಿನ ಎರಡು ಬೇರೆ ಧಾತುಗಳಿಂದ ಅವು ಬಂದಿವೆ. ಒಂದರ ಅರ್ಥಚರಿತ್ರೆ ಇನ್ನೊಂದನ್ನು ಸಾಧಿಸುವುದಿಲ್ಲ. ಆದರೆ ಜ್ಞಾತಿಗಳಲ್ಲದಿರುವುದೇ ಇಲ್ಲಿ ಅನುಕೂಲ, ಏಕೆಂದರೆ ಒಂದೇ ಅರ್ಥಸರಣಿ ಪರಸ್ಪರ ಸಂಬಂಧವಿಲ್ಲದ ಎರಡು ಕಡೆ ನಡೆದಿದೆ. ಪಳಗದ ಕುದುರೆಯನ್ನು ಹಿಡಿಯುವ ಹಗ್ಗವು ಲಂಗರಿನ ಹಗ್ಗವಾದುದನ್ನು ಅಸಂಭವವೆನ್ನುವವರಿಗೆ, ಲಗಾಮು ಹಗ್ಗವಾದುದನ್ನು ತೋರಿಸಬಹುದು. ಅಲ್ಲದೆ ಯುರೋಪಿನ ನಾವಿಕರ ಬಳಕೆಯಲ್ಲಿ ‘ಕೇಬಲ್’ ಎಂಬುದು ಹಾಯಿಯನ್ನು ಏರಿಸಿ ಇಳಿಸುವ ಹಗ್ಗವಲ್ಲ, ಮುಖ್ಯವಾಗಿ ಲಂಗರಿನ ಹಗ್ಗ. ಅಂದರೆ ಹಡಗನ್ನು ಒಂದೆಡೆ ಹಿಡಿದು ನಿಲ್ಲಿಸುವಂಥದು.

ಅಲ್ಲಿಂದ ತಂತಿಯವರೆಗಿನ ಹಾದಿ ಚಿಕ್ಕದು. 1834ರಲ್ಲಿ ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿಗಳಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿಸಿದ. 1851ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ತಳದಲ್ಲಿ ಟೆಲಿಗ್ರಾಫ್ ತಂತಿಯನ್ನು ಹಾಸಿದಾಗ, ತಾಮ್ರದ ತಂತಿಗಳ ರಕ್ಷಣೆಗೆ ಅಂಥದೇ ಕಬ್ಬಿಣದ ಹುರಿಯನ್ನು ಹೊರಗವಚವಾಗಿ ಸುತ್ತಿದರು. ಕಣ್ಣಿಗೆ ಕಾಣುತ್ತಿದ್ದುದು ಹಗ್ಗ, ಸಂದೇಶವನ್ನು ಒಯ್ಯುತ್ತಿದ್ದುದು ಒಳಗಿನ ತಂತಿ; ಹೊರಗಿನದರ ಹೆಸರು ಒಳಗಿನದಕ್ಕೆ ಇಳಿಯಿತು. 1870ರಲ್ಲಿ ಮುಂಬಯಿಗೆ ಸಮುದ್ರದೊಳಗಿನ ಕೇಬಲ್ ಬಂದು ಸೇರುವ ಹೊತ್ತಿಗೆ ಹೊಸ ಅರ್ಥವೇ ಮುಂದಾಗಿತ್ತು. ಕನ್ನಡ ಪಡೆದದ್ದು ಬಹುಮಟ್ಟಿಗೆ ಆ ಅರ್ಥವನ್ನೇ. ಬೆಟ್ಟದ ಮೇಲೆ ತೂಗುವ ‘ಕೇಬಲ್ ಕಾರಿ’ನಲ್ಲಿ ಮಾತ್ರ ಪದ ತನ್ನ ಹಳೆಯ ಕೆಲಸವನ್ನು ಇನ್ನೂ ಮಾಡುತ್ತಿದೆ.